ಎಡಗೈಯವನನ್ನು ಕೊಟ್ಟದ್ದು

ಸುದ್ದಿ ಹೇಳುವಾಗ ನನ್ನ ಗಂಡ ಕಾಲುಚೀಲ ಕಳಚುತ್ತಿದ್ದರು. ಬಕ್ರೀದ್ ಕಳೆದು ಕೆಲವೇ ದಿನಗಳಾಗಿದ್ದವು. ಹಜ್ ಮುಗಿಸಿದವರ ಬಸ್ಸುಗಳು ವಿಮಾನ ನಿಲ್ದಾಣದ ಕಡೆಗೆ ಸಾಲುಗಟ್ಟಿ, ಜೆದ್ದಾದಲ್ಲಿ ಎಲ್ಲಿಂದ ಎಲ್ಲಿಗೆ ಹೊರಟರೂ ರಸ್ತೆಯಲ್ಲೇ ಕೂತು ಬೇಸರ ಬರುತ್ತಿದ್ದ ಸಮಯ. ಕ್ರಿಕೆಟ್ ತಂಡದ ಮೀಟಿಂಗ್ ಮುಗಿಸಿ ಅವರು ಅಜೀಜಿಯಾದ ನಮ್ಮ ಫ್ಲ್ಯಾಟಿಗೆ ಬಂದಾಗ ಸಂಜೆಯಾಗಿತ್ತು. ಒಂದು ಕಾಲುಚೀಲ ತೆಗೆದು ಇನ್ನೊಂದಕ್ಕೆ ಕೈ ಹಾಕುತ್ತಾ, "ನಮ್ಮ ಎಡಗೈಯವನನ್ನು ಕೊಟ್ಟಾಯ್ತು" ಎಂದರು. ಹಳೆಯ ಫ್ರಿಜ್ಜನ್ನು ಯಾರಿಗೋ ಸಾಗಿಸಿ ಕೈ ತೊಳೆದುಕೊಂಡವರ ಧ್ವನಿ ಅದು.

ಯಾರಿಗೆ ಎಂದು ಕೇಳಿದೆ. ಟ್ರಾವೆಲ್ಸ್ ಇಟ್ಟುಕೊಂಡಿದ್ದ ನಮ್ಮ ಊರ ಕಡೆಯ ಸಾಹುಕಾರರೊಬ್ಬರ ತಂಡಕ್ಕಂತೆ. ಬದಲಿಗೆ ಅವರ ಓಪನಿಂಗ್ ಬ್ಯಾಟ್ಸ್‌ಮನ್ ನಮಗೆ ಬರುತ್ತಾನಂತೆ. ಲಾಭದ ವ್ಯಾಪಾರವಂತೆ. ನಾನು ಪಾತ್ರೆ ತೊಳೆಯುತ್ತಿದ್ದೆ. ತೊಳೆದಿಟ್ಟ ಪಾತ್ರೆಯನ್ನೇ ಎತ್ತಿಕೊಂಡು ಮತ್ತೆ ತೊಳೆದೆ. ಅಷ್ಟು ದೊಡ್ಡ ಸಂಗತಿಯೇನಲ್ಲ, ಶುಕ್ರವಾರದ ಲೀಗಿನ ಒಂದು ತಂಡದಿಂದ ಇನ್ನೊಂದು ತಂಡಕ್ಕೆ ಒಬ್ಬ ಬೌಲರ್ ಹೋಗಿದ್ದಾನೆ, ಅಷ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿದರೆ ಕೇಳುವ ಜೀವ ನನ್ನದಲ್ಲ.

ಇದು ಎರಡು ಸಾವಿರದ ಹತ್ತರ ನಂತರದ ಮೊದಲ ಕೆಲವು ವರ್ಷಗಳ ಮಾತು. ಜೆದ್ದಾದಲ್ಲಿದ್ದ ಕರಾವಳಿಯ ಗಂಡಸರೆಲ್ಲ ಊರಿಗೊಂದರ ಹಾಗೆ ತಂಡ ಕಟ್ಟಿಕೊಂಡು ಶುಕ್ರವಾರ ಕ್ರಿಕೆಟ್ ಆಡುತ್ತಿದ್ದರು. ಮೈದಾನ ಎಂದರೆ ಊರ ಹೊರಗೆ, ಲಾರಿ ನಿಲ್ಲಿಸುವ ಜಾಗದಿಂದ ಆಚೆ, ಬರೀ ಮರಳು ಮತ್ತು ಜಲ್ಲಿ. ಮಧ್ಯದಲ್ಲಿ ಸಿಮೆಂಟಿನ ಪಿಚ್, ಅದರ ಮೇಲೆ ಹಸಿರು ಮ್ಯಾಟು. ಬೆಳಗಿನ ನಮಾಜು ಆದ ಕೂಡಲೇ ಆಟ ಶುರುವಾಗಿ ಜುಮಾ ನಮಾಜಿಗೆ ಮೊದಲು ಮುಗಿಯಬೇಕು. ನನ್ನ ಗಂಡ ನಮ್ಮ ತಂಡದ ಕ್ಯಾಪ್ಟನ್. ಕ್ಯಾಪ್ಟನ್ ಆದದ್ದು ಆಟ ಚೆನ್ನಾಗಿ ಬರುತ್ತದೆ ಎಂದಲ್ಲ. ಆಡುವವರಲ್ಲಿ ಎಲ್ಲರಿಗಿಂತ ಹಿರಿಯರು, ದೊಡ್ಡ ಗಾಡಿ ಇತ್ತು, ಯಾರ ಮನಸ್ಸನ್ನೂ ನೋಯಿಸುವ ಸ್ವಭಾವ ಅಲ್ಲ. ಈ ಕೊನೆಯ ಗುಣವನ್ನು ಊರೆಲ್ಲ ಹೊಗಳುತ್ತಿತ್ತು. ಮನೆಯಲ್ಲಿ ಅದರ ಬೆಲೆ ತೆರುವವಳು ನಾನು.

ಸಂಸಾರ ಇದ್ದವರು ಹೆಂಡತಿ ಮಕ್ಕಳನ್ನೂ ಮೈದಾನಕ್ಕೆ ಕರೆದುಕೊಂಡು ಬರುತ್ತಿದ್ದರು. ಆದರೆ ನಾವು ಇಳಿಯುವ ಹಾಗಿರಲಿಲ್ಲ. ನಾಲ್ಕೈದು ಗಾಡಿಗಳು ಬೌಂಡರಿಯ ಆಚೆ ಮೈದಾನಕ್ಕೆ ಮುಖ ಮಾಡಿ ನಿಲ್ಲುತ್ತಿದ್ದವು. ಒಳಗೆ ಅಬಾಯ ಹಾಕಿಕೊಂಡ ನಾವು, ಹಿಂದಿನ ಸೀಟಿನಲ್ಲಿ ನಿದ್ದೆ ಮುಗಿಯದ ಮಕ್ಕಳು, ಫ್ಲಾಸ್ಕಿನಲ್ಲಿ ಚಹಾ. ಎಸಿಗಾಗಿ ಇಂಜಿನ್ ಓಡುತ್ತಲೇ ಇರಬೇಕು. ನಾನು ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದೆ, ಅಲ್ಲಿಂದ ಪಿಚ್ ನೇರ ಕಾಣುತ್ತಿತ್ತು. ಆ ದೇಶದಲ್ಲಿ ಹೆಂಗಸರು ಗಾಡಿ ಓಡಿಸುವ ಕಾಲ ಇನ್ನೂ ಬಂದಿರಲಿಲ್ಲ. ಗಂಡಸರು ಗಾಡಿಗಳ ಕಡೆ ಬರುವುದಿಲ್ಲ, ಬೌಂಡರಿಯಲ್ಲಿ ನಿಂತ ಹುಡುಗರೂ ನಮಗೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದರು. ಕೂಗುವಂತಿಲ್ಲ, ಚಪ್ಪಾಳೆ ತಟ್ಟಿದರೆ ಗಾಜಿನಾಚೆ ಕೇಳುವುದಿಲ್ಲ. ಹಾಗಾಗಿ ನಮ್ಮವರು ವಿಕೆಟ್ ತೆಗೆದರೆ, ಸಿಕ್ಸರ್ ಹೊಡೆದರೆ ನಾವು ಹಾರ್ನ್ ಹೊಡೆಯುತ್ತಿದ್ದೆವು. ಯಾರು ಶುರು ಮಾಡಿದ್ದೋ ಗೊತ್ತಿಲ್ಲ, ನಾನು ಹೋಗುವಾಗಲೇ ರೂಢಿಯಲ್ಲಿತ್ತು.

ಎಡಗೈಯವ ಕುಂದಾಪುರದ ಕಡೆಯ ಹುಡುಗ. ಹುಡುಗ ಎಂದರೆ ಮೂವತ್ತು ದಾಟಿದವನೇ, ಮದುವೆ ಆಗಿರಲಿಲ್ಲ. ಹಣ್ಣಿನ ಮಂಡಿಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ, ಕಂಪೆನಿಯ ರೂಮಿನಲ್ಲಿ ವಾಸ. ನಮ್ಮ ತಂಡದಲ್ಲಿ ಬಹುಪಾಲು ಬ್ಯಾರಿಗಳು, ನಡುವೆ ಇವನೊಬ್ಬ ಹಿಂದೂ. ನನ್ನ ಗಂಡನೇ ಎಲ್ಲೋ ನೋಡಿ ಕರೆದುಕೊಂಡು ಬಂದದ್ದು. ನೋಡಲು ಸಣಕಲ. ಆ ಸೆಕೆಯಲ್ಲೂ ಉದ್ದ ತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಹಾಕಿಯೇ ಇರುತ್ತಿತ್ತು. ಓಡಿ ಬರುವುದು ಎಂಬುದೇ ಇಲ್ಲ, ಯಾರೋ ಕರೆದರು ಎಂಬ ಹಾಗೆ ಎರಡು ಹೆಜ್ಜೆ ಇಟ್ಟು ಚೆಂಡು ಬಿಡುತ್ತಿದ್ದ. ಆ ಚೆಂಡು ಮುಂದೆ ಹೋಗಬೇಕೋ ಬೇಡವೋ ಎಂದು ಗಾಳಿಯಲ್ಲೇ ಸ್ವಲ್ಪ ಯೋಚಿಸುತ್ತಿತ್ತು. ಬ್ಯಾಟ್ ಹಿಡಿದವನಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಇರುತ್ತಿರಲಿಲ್ಲ. ಮುಂದೆ ನುಗ್ಗುತ್ತಿದ್ದ, ಕೆಟ್ಟೆ ಎಂದು ತಿಳಿಯುವಷ್ಟರಲ್ಲಿ ಹಿಂದೆ ಬೇಲ್ಸ್ ಬಿದ್ದಿರುತ್ತಿತ್ತು.

ಆ ಚೆಂಡು ಎಲ್ಲಿಂದ ಬಂತೆಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ನಮ್ಮ ಕಡೆ ಅಂಡರ್‌ಆರ್ಮ್ ಕ್ರಿಕೆಟ್ ಎಂದು ಒಂದು ಇದೆ, ಕೈಯನ್ನು ಭುಜದಿಂದ ಮೇಲೆ ಎತ್ತದೆ ಸೊಂಟದ ಹತ್ತಿರದಿಂದಲೇ ಚೆಂಡು ಬಿಡುವ ಆಟ. ಅದರಲ್ಲಿ ತೋಳಿಗೆ ಕೆಲಸವಿಲ್ಲ, ಎಲ್ಲ ಮಣಿಕಟ್ಟಿನದೇ ಮಾಯೆ. ನನ್ನ ತವರು ಶಾಲೆಯ ಮೈದಾನಕ್ಕೆ ತಾಗಿಕೊಂಡೇ ಇತ್ತು. ಟೂರ್ನಮೆಂಟ್ ಇದ್ದಾಗ ಟ್ಯೂಬ್‌ಲೈಟ್ ಕಟ್ಟಿ, ಮೈಕಿನಲ್ಲಿ ಕಾಮೆಂಟರಿ ಹೇಳಿ ಊರನ್ನೇ ಎಬ್ಬಿಸುತ್ತಿದ್ದರು. ಹೆಣ್ಣುಮಕ್ಕಳು ಹೋಗುವ ಹಾಗಿಲ್ಲ. ನಾನು ಕಿಟಕಿಯ ಸರಳಿಗೆ ಹಣೆ ಒತ್ತಿ ನೋಡುತ್ತಿದ್ದೆ, ಮರುದಿನ ಶಾಲೆಯಲ್ಲಿ ಹಣೆಯ ಮೇಲೆ ಎರಡು ಗೆರೆ ಕಂಡು ಗೆಳತಿಯರು ನಗುತ್ತಿದ್ದರು. ಇವನು ಭುಜದ ಮೇಲಿಂದ ಚೆಂಡು ಹಾಕುವಾಗಲೂ ಮಣಿಕಟ್ಟು ಮಾತ್ರ ಆ ಆಟದ್ದೇ. ಜೆದ್ದಾದ ಆ ಬೋಳು ಮರಳಿನ ಮೇಲೆ ಅದನ್ನು ಕಂಡಾಗ ನನಗಾದ ಸಂತೋಷವನ್ನು ಯಾರಿಗೆ ಹೇಳಲಿ? ಗಂಡನಿಗೆ ಹೇಳಿದೆ. ಹೌದಾ ಎಂದು ಮೊಬೈಲ್ ನೋಡುತ್ತಾ ಕೂತರು.

ಆವತ್ತಿನಿಂದ ನಾನು ಅವನ ಬೌಲಿಂಗಿನ ಅಭಿಮಾನಿ. ಈ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ವಾರವಿಡೀ ಮಕ್ಕಳನ್ನು ಇಂಡಿಯನ್ ಸ್ಕೂಲಿನ ಬಸ್ಸಿಗೆ ಬಿಡುವುದು, ಅಡುಗೆ, ಅರಬ್ಬಿಯಲ್ಲಿ ಮಾತಾಡುವ ಪಕ್ಕದ ಮನೆಯಾಕೆಗೆ ನಗು ತೋರಿಸುವುದು, ನಾಲ್ಕು ಗೋಡೆ. ಶುಕ್ರವಾರ ಬಂತೆಂದರೆ ನಾನು ಎಲ್ಲರಿಗಿಂತ ಮೊದಲು ಎದ್ದು ಹೊರಡುತ್ತಿದ್ದೆ. ಯಾವ ಬ್ಯಾಟ್ಸ್‌ಮನ್‌ಗೆ ಅವನು ಹೇಗೆ ಹಾಕುತ್ತಾನೆ, ಗಾಳಿ ಯಾವ ಕಡೆಯಿಂದ ಇದ್ದರೆ ಯಾವ ತುದಿ ಕೇಳುತ್ತಾನೆ, ಎಲ್ಲ ನನಗೆ ಬಾಯಿಪಾಠ.

ಆಟ ಮುಗಿದು ಜುಮಾ ಆದ ಮೇಲೆ, ರೂಮಿನಲ್ಲಿರುವ ಒಂಟಿ ಹುಡುಗರಿಗೆ ತಂಡದ ಯಾವುದಾದರೂ ಮನೆಯಲ್ಲಿ ಊಟ. ಸರದಿಯಂತೆ ಆಗಬೇಕಾದದ್ದು, ಕ್ಯಾಪ್ಟನ್ ಮನೆ ಎಂದು ಹೆಚ್ಚಾಗಿ ನಮ್ಮಲ್ಲೇ ಆಗುತ್ತಿತ್ತು. ನನಗೆ ಬೇಸರವಿರಲಿಲ್ಲ. ಗಂಡಸರು ಹಾಲಿನಲ್ಲಿ ಸುಫ್ರ, ಅಂದರೆ ಊಟದ ಹಾಸು, ಹಾಸಿಕೊಂಡು ಕೂರುತ್ತಿದ್ದರು, ನಾವು ಒಳಗೆ. ಎಡಗೈಯವನಿಗಾಗಿ ಆ ದಿನ ದನದ ಮಾಂಸ ಮಾಡುತ್ತಿರಲಿಲ್ಲ. ಕೋಳಿ ಸಾರು, ಅಕ್ಕಿಯ ಪತ್ತಿರ್ ರೊಟ್ಟಿ, ಅಂಜಲ್ ಮೀನು ಸಿಕ್ಕಿದರೆ ಅದು. ಉಂಡ ತಟ್ಟೆಗಳನ್ನು ಒಳಗಿನ ಬಾಗಿಲ ತನಕ ತಂದಿಡುತ್ತಿದ್ದವನು ಅವನೊಬ್ಬನೇ. ಆಗ ಅರ್ಧ ಮುಚ್ಚಿದ ಬಾಗಿಲ ಈಚೆಯಿಂದ ನಾನು, ಆಚೆಯಿಂದ ಅವನು, ನಡುವೆ ಕ್ರಿಕೆಟ್ಟು. ಹಾಲಿನಲ್ಲಿ ಕೂತ ಎಲ್ಲರಿಗೂ ಕೇಳುವ ಹಾಗೆಯೇ ಮಾತು. ನಾಲ್ಕನೇ ಓವರಿನಲ್ಲಿ ಯಾಕೆ ಅಷ್ಟು ಶಾರ್ಟ್ ಬಿತ್ತು ಎಂದು ನಾನು ಗದರಿದರೆ, "ಎಂತ ಮಾಡುದ್ ಅಕ್ಕ, ಬಾಲ್ ಬೆವರಿಗೆ ಜಾರ್ತಾ ಇದ್ದಿತ್" ಎನ್ನುತ್ತಿದ್ದ. ಮನೆಯಲ್ಲಿ ನಮ್ಮದು ಬ್ಯಾರಿ ಭಾಷೆ, ಮಕ್ಕಳದು ಇಂಗ್ಲಿಷ್. ಕನ್ನಡ ಮೀಡಿಯಮ್ಮಿನಲ್ಲಿ ಓದಿದ ನನಗೆ ವಾರಕ್ಕೊಮ್ಮೆ ಬಾಯಿತುಂಬ ಕನ್ನಡ ಸಿಗುತ್ತಿದ್ದದ್ದು ಆ ಬಾಗಿಲಲ್ಲಿ ಮಾತ್ರ.

ಪಕ್ಕದ ಗಾಡಿಯಲ್ಲಿ ಕೂರುತ್ತಿದ್ದ ವಿಕೆಟ್‌ಕೀಪರನ ಹೆಂಡತಿ ಒಂದು ಸಲ ಗಾಜು ಇಳಿಸಿ, ಎಡಗೈಯವನು ವಿಕೆಟ್ ತೆಗೆದರೆ ನಿಮ್ಮ ಹಾರ್ನ್ ನಿಲ್ಲುವುದೇ ಇಲ್ಲವಲ್ಲ, ನಿಮ್ಮ ಯಜಮಾನರು ಫೋರ್ ಹೊಡೆದರೆ ಪೀ ಎಂದು ಅರ್ಧಕ್ಕೇ ನಿಲ್ಲುತ್ತದೆ ಎಂದು ನಗಾಡಿದಳು. ಯಜಮಾನರು ಫೋರ್ ಹೊಡೆಯುವುದು ಯಾವಾಗ, ಹೊಡೆದಾಗ ನೋಡೋಣ ಎಂದೆ. ಇಬ್ಬರೂ ನಕ್ಕೆವು. ಆ ನಗು ಎಲ್ಲೆಲ್ಲಿ ಸುತ್ತಾಡಿ ಬರುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಇನ್ನು ಈ ಕೊಟ್ಟು ತೆಗೆದುಕೊಳ್ಳುವ ಕ್ರಮ. ಹಜ್ ಸಮಯದಲ್ಲಿ ಲೀಗಿಗೆ ಬಿಡುವು. ಆಡುವ ಹುಡುಗರಲ್ಲಿ ಅರ್ಧಕ್ಕರ್ಧ ಜನ ಮಿನಾಕ್ಕೆ ಹೋಗಿ, ದಾರಿ ತಪ್ಪಿದ ಹಾಜಿಗಳನ್ನು ಡೇರೆ ಸೇರಿಸುವ ಸೇವೆ ಮಾಡುತ್ತಿದ್ದರು. ಆ ಬಿಡುವಿನಲ್ಲಿ ತಂಡಗಳು ಪರಸ್ಪರ ಆಟಗಾರರನ್ನು ಬದಲಿಸಿಕೊಳ್ಳಬಹುದಿತ್ತು. ಮೊದಲಿಗೆ ಅದು ಬಂದದ್ದು ಬೇರೆ ಕಾರಣಕ್ಕೆ. ಯಾರೋ ರಜೆಯಲ್ಲಿ ಊರಿಗೆ ಹೋಗುತ್ತಾರೆ, ಇನ್ನು ಯಾರದೋ ಕೆಲಸ ರಿಯಾದಿಗೆ ಬದಲಾಗುತ್ತದೆ, ತಂಡದಲ್ಲಿ ಜನವೇ ಸಾಲದೆ ಆಟ ನಿಲ್ಲಬಾರದು ಎಂದು. ಬರುಬರುತ್ತಾ ಅದು ಹಿರಿಯರು ಬಿರಿಯಾನಿ ಮುಂದೆ ಕೂತು ನಡೆಸುವ ಚೌಕಾಶಿಯಾಯಿತು. ತಂಡ ಬದಲಾದವನ ಊಟದ ಮನೆಯೂ ಬದಲಾಗುತ್ತಿತ್ತು. ಇನ್ನೊಂದು ತಂಡದವನನ್ನು ಶುಕ್ರವಾರ ಊಟಕ್ಕೆ ಕರೆದರೆ ಅದು ಅವರ ಆಟಗಾರನಿಗೆ ಗಾಳ ಹಾಕಿದ ಹಾಗೆ, ಮರ್ಯಾದೆಯಲ್ಲ.

ಹಾಗಾಗಿ ಸುದ್ದಿ ಕೇಳಿದ ಮರುದಿನ ನಾನು ವಾದಕ್ಕೆ ನಿಂತೆ. ಪಾತ್ರೆ ತೊಳೆಯುವಾಗ ಬಾರದ ಮಾತು ನಿದ್ದೆಗೆಟ್ಟು ಎದ್ದ ಮೇಲೆ ಬಂತು. ಸೀಸನ್ ಅರ್ಧಕ್ಕೆ ಬಂದಿದೆ, ತಂಡದಲ್ಲಿ ಅತಿ ಹೆಚ್ಚು ವಿಕೆಟ್ ಅವನದೇ, ಅವನಿಲ್ಲದೆ ಸ್ಪಿನ್ ಹಾಕುವವರು ಯಾರು ಎಂದು ಕೇಳಿದೆ. ಓಪನರ್ ಇಲ್ಲದೆ ರನ್ ಎಲ್ಲಿಂದ ಬರುತ್ತದೆ ಎಂದರು. ನೀವು ಓಪನ್ ಮಾಡಿ, ಅಷ್ಟು ಸಲ ಸೊನ್ನೆಗೆ ಔಟಾಗುವವರು ಮೊದಲೇ ಆದರೆ ಸಮಯವಾದರೂ ಉಳಿಯುತ್ತದೆ ಎಂದೆ. ಅವರು ನಗಲಿಲ್ಲ. ಸಾಮಾನ್ಯವಾಗಿ ಇಂಥ ಮಾತಿಗೆ ಅವರೇ ಮೊದಲು ನಗುವವರು. ನನ್ನ ಮುಖವನ್ನು ನೋಡದೆ, "ನಿನಗೆ ಎಂತಕ್ಕೆ ಇಷ್ಟು ಬೇಜಾರು?" ಎಂದು ಕೇಳಿದರು.

ಈ ಪ್ರಶ್ನೆಗೆ ಉತ್ತರ ಇರಲಿಲ್ಲ ಎಂದಲ್ಲ. ಉತ್ತರ ಹೇಳಿದರೆ ಅದು ಬೇರೆ ಏನೋ ಆಗಿ ಕೇಳುತ್ತದೆ ಎಂದು ಆ ಗಳಿಗೆಯಲ್ಲಿ ನನಗೆ ಮೊದಲ ಬಾರಿಗೆ ತಿಳಿಯಿತು. ಇದೇ ಮನುಷ್ಯ, ಟಿವಿಯಲ್ಲಷ್ಟೇ ಕಂಡಿದ್ದ ಒಬ್ಬ ಬ್ಯಾಟ್ಸ್‌ಮನ್ ತಂಡದಿಂದ ಹೊರಬಿದ್ದ ದಿನ ಮಧ್ಯಾಹ್ನದ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾನು ಮೊಸರನ್ನ ಕಲಸಿ ಸಮಾಧಾನ ಹೇಳಿದ್ದೆ. ಗಂಡಸಿಗೆ ಅದು ಕ್ರಿಕೆಟ್ಟಿನ ಹುಚ್ಚು. ನನಗೆ ಒಬ್ಬ ಬೌಲರ್ ಹೋದ ದುಃಖ ಆಗಬೇಕಾದರೆ ಕಾರಣ ಕೊಡಬೇಕಿತ್ತು. ಕೋಪದಿಂದ ನನ್ನ ಕಿವಿ ಬಿಸಿಯಾಯಿತು. ಏನೂ ಇಲ್ಲ, ಟೀಮು ಸೋಲುತ್ತದಲ್ಲ ಎಂದು ಬೇಜಾರು ಎಂದು ಹೇಳಿ ಒಳಗೆ ಹೋದೆ. ದುಃಖ ಇದೆ, ಅದಕ್ಕೆ ಹೆಸರಿಡುವ ಹಾಗಿಲ್ಲ. ಸತ್ತವರ ಮನೆಯಲ್ಲಾದರೂ ಅಳಲು ಜಾಗವಿರುತ್ತದೆ. ನಾನು ವಾರವಿಡೀ ಮಕ್ಕಳ ಮೇಲೆ ರೇಗಿದೆ, ಸಾರಿಗೆ ಉಪ್ಪು ಮರೆತೆ, ಹಾಕಿದ್ದೇನೋ ಇಲ್ಲವೋ ಎಂದು ಇನ್ನೊಮ್ಮೆ ಹಾಕಿ ಅದನ್ನೂ ಕೆಡಿಸಿದೆ.

ಹೋಗುವ ಮೊದಲು ಅವನು ಒಂದು ಮಾತು ಹೇಳಲು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ. ಅದು ನನಗೆ ಚುಚ್ಚಿತು. ಎಷ್ಟು ಶುಕ್ರವಾರ ಉಂಡವನು, ಅಕ್ಕ ಎಂದವನು, ಹೊಸ ತಂಡ ಸಿಕ್ಕಿತೆಂದು ಹೀಗೆ ಮುಖ ತಿರುಗಿಸಿ ಹೋಗಬಹುದೇ?

ಬಿಡುವು ಮುಗಿದು ಎರಡನೇ ಸುತ್ತು ಶುರುವಾಯಿತು. ಹೊಸ ಓಪನರ್ ಬಂದ. ಬೈಂದೂರಿನ ಆಚೆಯವನು, ಪಾಪದ ಹುಡುಗ, ಎಲ್ಲರೊಡನೆ ವಿನಯ. ಮೊದಲ ಆಟದಲ್ಲೇ ಚೆಂಡುಗಳನ್ನು ಲಾರಿಗಳ ತನಕ ಅಟ್ಟಿದ. ಅಕ್ಕಪಕ್ಕದ ಗಾಡಿಗಳೆಲ್ಲ ಪೀ ಪೀ ಎಂದವು. ನಾನೂ ಹೊಡೆದೆ, ಕ್ಯಾಪ್ಟನ್ ಹೆಂಡತಿ ಅಲ್ಲವೇ. ಮಧ್ಯಾಹ್ನ ಅವನು ನಮ್ಮ ಮನೆಯಲ್ಲಿ ಉಂಡು, ಅಡುಗೆ ಬಹಳ ಚೆನ್ನಾಗಿದೆ ಎಂದು ಹಾಲಿನಿಂದಲೇ ಹೇಳಿದ. ಆ ಹುಡುಗನ ಮೇಲೆ ನನಗೆ ಕಾರಣವಿಲ್ಲದ ಸಿಟ್ಟು. ಅವನು ತಿಂದು ಉಳಿಸಿದ ಎಲುಬುಗಳನ್ನು ಕಂಡರೂ ಸಿಟ್ಟು. ತಂಡ ಗೆಲ್ಲುತ್ತಿತ್ತು, ಗಂಡನ ಲೆಕ್ಕಾಚಾರ ಸರಿಯಿತ್ತು. ಅದು ಸರಿ ಇದ್ದದ್ದಕ್ಕೇ ನನಗೆ ಹೆಚ್ಚು ನೋವಾದದ್ದು. ಸೋತಿದ್ದರೆ ನಾನು ಹೇಳಿದ್ದೆನಲ್ಲ ಎಂದಾದರೂ ಎನ್ನಬಹುದಿತ್ತು.

ಗಂಡ ಮತ್ತು ಆ ಹೊಸ ಓಪನರ್ ಆಡುವ ಮಾತಿನಿಂದ, ಫೋನಿನಿಂದ, ಆ ಕಡೆಯ ಸುದ್ದಿ ತುಣುಕು ತುಣುಕಾಗಿ ಬರುತ್ತಿತ್ತು. ಸಾಹುಕಾರರ ತಂಡದಲ್ಲಿ ವೇಗವಾಗಿ ಹಾಕುವ ಬೌಲರುಗಳು ಬೇಕಾದಷ್ಟು. ಎಡಗೈಯವನಿಗೆ ಒಂದು ಓವರ್ ಕೊಡುತ್ತಾರೆ, ಒಂದು ಸಿಕ್ಸರ್ ಬಿದ್ದರೆ ಮತ್ತೆ ಕೈಗೆ ಚೆಂಡಿಲ್ಲ. ಕೆಲವು ಶುಕ್ರವಾರ ಆಡುವ ಹನ್ನೊಂದು ಜನರಲ್ಲೇ ಅವನಿಲ್ಲ, ನೀರಿನ ಕ್ಯಾನ್ ಹಿಡಿದು ಬೌಂಡರಿಯಲ್ಲಿ ನಿಂತಿದ್ದನಂತೆ. ಇದನ್ನು ನನ್ನ ಗಂಡ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಾಗ ಕೇಳಿಸಿಕೊಂಡೆ. ಆ ಮಣಿಕಟ್ಟಿನ ಕೈಯಲ್ಲಿ ನೀರಿನ ಕ್ಯಾನು. ತನಗೆ ಬೇಡವಾದವನನ್ನು ಸಾಹುಕಾರ ಯಾಕೆ ತೆಗೆದುಕೊಂಡ, ನಮಗೆ ಬೇಕಾದವನನ್ನು ಇವರು ಯಾಕೆ ಕೊಟ್ಟರು, ಎಷ್ಟು ಯೋಚಿಸಿದರೂ ನನಗೆ ತಲೆಬುಡ ಹತ್ತಲಿಲ್ಲ. ಅವನು ಹೇಳದೆ ಹೋದನೆಂಬ ಸಿಟ್ಟು ಅಲ್ಲಿಗೆ ಇಳಿಯಿತು. ಬರೀ ಮರುಕ ಉಳಿಯಿತು.

ಸೀಸನ್ ಮುಗಿಯುವ ಹೊತ್ತಿಗೆ ಆ ತಂಡಕ್ಕೂ ನಮಗೂ ಆಟ ಬಂತು. ನಾನು ಯಾವತ್ತಿನಂತೆ ಡ್ರೈವರ್ ಸೀಟಿನಲ್ಲಿ ಕೂತೆ. ದೂರದಲ್ಲಿ ಅವನನ್ನು ನೋಡಿದೆ, ಅದೇ ಉದ್ದ ತೋಳು, ಬೇರೆ ಬಣ್ಣದ ಅಂಗಿ. ಅವರು ಮೊದಲು ಆಡಿ ಒಂದಷ್ಟು ರನ್ ಮಾಡಿದರು. ನಮ್ಮವರು ಆಡುವಾಗ ಹೊಸ ಓಪನರ್ ಚೆನ್ನಾಗಿಯೇ ಹೊಡೆದ, ಅವನು ಔಟಾದ ಮೇಲೆ ಒಬ್ಬೊಬ್ಬರಾಗಿ ಹಿಂದಿರುಗಿದರು. ನನ್ನ ಗಂಡ ಬ್ಯಾಟ್ ಹಿಡಿದು ಒಳಗೆ ಹೋದರು. ಎದುರು ತಂಡದ ವೇಗದ ಬೌಲರ್ ಒಬ್ಬನಿಗೆ ಕಾಲು ಹಿಡಿದುಕೊಂಡಿತು. ಉಳಿದವರ ಓವರುಗಳೂ ಮುಗಿದಿದ್ದರಿಂದ ಅವರ ಕ್ಯಾಪ್ಟನ್ ಚೆಂಡನ್ನು ಎಡಗೈಯವನ ಕಡೆ ಎಸೆದ. ನಾನು ಸೀಟಿನ ತುದಿಗೆ ಬಂದೆ.

ಮೊದಲ ಚೆಂಡನ್ನು ನನ್ನ ಗಂಡ ಸುಮ್ಮನೆ ತಡೆದರು. ಎರಡನೆಯದನ್ನೂ ತಡೆದರು. ಅವನನ್ನು ಇಷ್ಟು ವರ್ಷ ಬೆಳೆಸಿದವರು ಅವರೇ, ಯಾವ ಚೆಂಡು ಹೇಗೆ ಬರುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನನಗೆ ಗೊತ್ತು. ಮೂರನೆಯದಕ್ಕೆ ಮೊದಲು ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಎರಡು ಹೆಜ್ಜೆ ಬಂದ. ಮಣಿಕಟ್ಟು ತಿರುಗಿದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ಚೆಂಡು ಗಾಳಿಯಲ್ಲಿ ನಿಂತಿತು. ಬೇಡ, ಮುಂದೆ ಹೋಗಬೇಡಿ ಎಂದು ಹೆಂಡತಿಯಾಗಿ ಹೇಳಬೇಕಿತ್ತು, ನನ್ನ ಬಾಯಲ್ಲಿ ಬಂದದ್ದು ಹೋಗಿ, ಹೋಗಿ ಎಂದು. ಅವರು ಹೋದರು. ಬ್ಯಾಟು ಬೀಸಿ ಮುಗಿದ ಮೇಲೆ ಚೆಂಡು ನಿಧಾನಕ್ಕೆ ಬಂದು ತಿರುಗಿತು. ಕೀಪರ್ ಬೇಲ್ಸ್ ಎಗರಿಸಿದ.

ನನಗೆ ಎಂಥ ಖುಷಿಯಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಕೈ ತಾನಾಗಿ ಹಾರ್ನ್ ಒತ್ತಿತು. ಒಂದು ಸಲವಲ್ಲ, ಮೊದಲಿನ ಹಾಗೆಯೇ, ನಿಲ್ಲಿಸದೆ ಒತ್ತಿದೆ. ಅಕ್ಕಪಕ್ಕದ ಗಾಡಿಗಳು ಸುಮ್ಮನಿದ್ದವು. ನಮ್ಮ ಕ್ಯಾಪ್ಟನ್ ಔಟಾದಾಗ ನಮ್ಮ ಗಾಡಿಗಳು ಯಾಕೆ ಹಾರ್ನ್ ಹೊಡೆಯುತ್ತವೆ? ಮೈದಾನದಲ್ಲಿದ್ದವರೆಲ್ಲ ಒಮ್ಮೆಗೇ ನನ್ನ ಕಡೆ ತಿರುಗಿದರು. ಒಬ್ಬ ಮಾತ್ರ ತಿರುಗಲಿಲ್ಲ. ಸುತ್ತ ಬಂದು ತಬ್ಬಿಕೊಂಡವರ ನಡುವೆ ಎಡಗೈಯವನು ತಲೆ ತಗ್ಗಿಸಿ ನಿಂತಿದ್ದ. ಹಿಂದಿನ ಸೀಟಿನಿಂದ ಮಗಳು, "ಮಮ್ಮಿ, ಔಟ್ ಆದದ್ದು ಡ್ಯಾಡಿ" ಎಂದಳು. ಗೊತ್ತು ಎಂದೆ. ಪಕ್ಕದ ಗಾಡಿಯ ಗಾಜು ಮೆಲ್ಲನೆ ಮೇಲೇರಿತು.

ಹೇಗೋ ಕೊನೆಯ ಜೋಡಿ ಉಳಿದ ರನ್ ಮಾಡಿ ಆಟ ಗೆದ್ದಿತು. ಯಾರೂ ಅಷ್ಟಾಗಿ ಸಂಭ್ರಮಿಸಲಿಲ್ಲ. ನನ್ನ ಗಂಡ ಕಿಟ್ ಬ್ಯಾಗನ್ನು ಡಿಕ್ಕಿಗೆ ಹಾಕಿ ಬಂದರು, ನಾನು ಪಕ್ಕದ ಸೀಟಿಗೆ ಸರಿದೆ. ಹೆದ್ದಾರಿ ಬಂತು. ನಾನೇ, ತಮಾಷೆ ಮಾಡಿ ಹಗುರಾಗಿಸೋಣ ಎಂದು, ಆ ಚೆಂಡಿಗೆ ಮುಂದೆ ಹೋಗಬಾರದು ಎಂದು ನೀವೇ ಎಲ್ಲರಿಗೂ ಹೇಳಿಕೊಡುತ್ತಿದ್ದಿರಲ್ಲ ಎಂದೆ.

"ಇದಕ್ಕೇ ಅವನನ್ನು ಕೊಟ್ಟದ್ದು" ಎಂದರು ಅವರು.

ಯಾವುದಕ್ಕೆ ಎಂದು ಕೇಳಿದೆ. ಉತ್ತರ ಗೊತ್ತಾಗಿಯೇ ಕೇಳಿದೆ. ಜನ ಮಾತಾಡುತ್ತಾರೆ ಎಂದರು. ಮೊದಲು ಗಾಡಿಗಳಲ್ಲಿ ನಗೆಯಾಗಿ ಶುರುವಾದದ್ದು ಗಂಡಸರ ಕಿವಿಗೆ ಬಿತ್ತಂತೆ, ಅಲ್ಲಿಂದ ಹುಡುಗರ ರೂಮುಗಳಿಗೆ ಹೋಯಿತಂತೆ. ಕ್ಯಾಪ್ಟನ್ ಹೆಂಡತಿಯ ಹಾರ್ನು ಎಂದು ಅದಕ್ಕೊಂದು ಹೆಸರೂ ಇಟ್ಟಿದ್ದರಂತೆ. ತಂಡದ ಹಿರಿಯರೊಬ್ಬರು ಇವರನ್ನು ಕರೆದು, ಊಟದ ಬಾಗಿಲಲ್ಲಿ ಮಾತುಕತೆ ಯಾಕೆ, ಅನ್ಯ ಹುಡುಗ, ನಾಳೆ ದೊಡ್ಡದಾದರೆ ಎಲ್ಲರಿಗೂ ಕಷ್ಟ ಎಂದರಂತೆ. ಇದೆಲ್ಲ ಹಜ್ ಬಿಡುವಿಗಿಂತ ಮೊದಲಿನ ಮಾತು. ಮೈದಾನದ ಒಬ್ಬೊಬ್ಬರ ಮುಖವೂ ನನ್ನ ಕಣ್ಣ ಮುಂದೆ ಬಂತು. ಎಲ್ಲರಿಗೂ ಗೊತ್ತಿತ್ತು. ಅವರಿಗೆ ಉಣಬಡಿಸುತ್ತಿದ್ದ ನನಗೊಬ್ಬಳಿಗೆ ಗೊತ್ತಿರಲಿಲ್ಲ.

"ನನಗೆ ನಿನ್ನ ಮೇಲೆ ಯಾವತ್ತೂ ಸಂಶಯ ಇರ್ಲಿಲ್ಲ" ಎಂದರು. ಅದು ನಿಜ, ನನಗೆ ಗೊತ್ತು.

"ಅದನ್ನು ಅವರಿಗೆ ಹೇಳಿದ್ರಾ?"

ಅವರು ಮುಂದಿನ ಗಾಡಿಯನ್ನೇ ನೋಡುತ್ತಿದ್ದರು. ತಮ್ಮನ್ನು ಕಾಪಾಡಿಕೊಳ್ಳುವ ಹಾಗೆ ಹೇಳಿದರು. "ನಾನು ಕೊಡುದಿಲ್ಲ ಅಂತಲೇ ಇದ್ದೆ. ಅವನೇ ಬಂದು ಕೇಳಿದ್ದು. ನನ್ನನ್ನು ಯಾರಿಗಾದರೂ ಕೊಟ್ಟು ಬಿಡಿ ಅಣ್ಣ, ಅಕ್ಕನ ಹೆಸರು ಹಾಳಾಗುದು ಬೇಡ, ಅವರಿಗೆ ಗೊತ್ತಾಗುದೂ ಬೇಡ ಅಂತ."

ನಾನು ಕಿಟಕಿಯ ಕಡೆ ತಿರುಗಿದೆ. ನೀರಿನ ಕ್ಯಾನು ಹಿಡಿದು ನಿಲ್ಲಲು ಅವನು ತಾನಾಗಿಯೇ ಹೋಗಿದ್ದ. ಅವನ ಮೇಲೆ ಪ್ರೀತಿ ಉಕ್ಕಿತು, ಅಕ್ಕನ ಪ್ರೀತಿ, ಅಭಿಮಾನಿಯ ಪ್ರೀತಿ, ಯಾವುದೆಂದು ಕರೆದರೂ ನನಗೆ ನಾಚಿಕೆಯಿಲ್ಲ. ಅದರ ಹಿಂದೆಯೇ ಅವನ ಮೇಲೂ ಕೋಪ ಬಂತು. ನನ್ನ ಹೆಸರನ್ನು ಉಳಿಸುವ ಕೆಲಸವನ್ನು ಇವರೆಲ್ಲ ತಮ್ಮ ತಮ್ಮಲ್ಲೇ ಹಂಚಿಕೊಂಡು ಮುಗಿಸಿದ್ದರು. ಇವತ್ತು ನಾನು ಅದನ್ನು ಮತ್ತೆ ಅವರ ಕೈಗೆ ಕೊಟ್ಟಿದ್ದೆ, ಮೈದಾನದ ನಡುವೆ, ಎಲ್ಲರೂ ಕೇಳುವ ಹಾಗೆ. ಅವನು ಯಾಕೆ ತಲೆ ತಗ್ಗಿಸಿ ನಿಂತನೆಂದು ಆಗ ಅರ್ಥವಾಯಿತು.

"ನನ್ನನ್ನು ಒಂದು ಮಾತು ಕೇಳಬಹುದಿತ್ತು" ಎಂದೆ.

"ಕೇಳಿದ್ರೆ ಎಂತ ಹೇಳ್ತಿದ್ದಿ?"

"ಅವನ ಬೌಲಿಂಗ್ ನನಗೆ ಇಷ್ಟ ಅಂತ ಎಲ್ಲರ ಎದುರು ಹೇಳ್ತಿದ್ದೆ."

ಅವರು ಮನೆಗೆ ಬಂದು ನಮಾಜಿಗೆ ಹೋದರು. ಮಧ್ಯಾಹ್ನ ಹುಡುಗರು ಊಟಕ್ಕೆ ಬಂದರು, ಬಡಿಸಿ ಒಳಗೆ ಕೂತೆ. ಹಾಲಿನಲ್ಲಿ ಯಾರೂ ಆಟದ ಮಾತು ಎತ್ತಲಿಲ್ಲ.

ಮುಂದಿನ ಶುಕ್ರವಾರ ಬೆಳಗ್ಗೆ ಅವರು ಕಿಟ್ ಬ್ಯಾಗನ್ನು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, ನೀನು ಹೊರಡಲಿಲ್ಲವೇ ಎಂದು ಕೇಳಿದರು. ಫೈನಲ್ ಇತ್ತು. ನಾನು ಬರುವುದಿಲ್ಲ ಎಂದೆ. ತಲೆನೋವೇ ಎಂದು ಕೇಳಲಿಲ್ಲ, ಬಾ ಎಂದು ಕರೆಯಲಿಲ್ಲ. ಅವರ ಮುಖದಲ್ಲಿ ನೆಮ್ಮದಿ ಕಂಡಿತು. ಅದನ್ನು ನಾನು ನೋಡಬಾರದಿತ್ತು.